ಮದಗುಣಿಕೆ ಮತ್ತು ಅಟ್ರೊಪಿನ್: ಭೀಮಾತೀರದ ಮೂರು ತಾಲೂಕುಗಳ ಔಷಧಚರಿತ್ರೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಇತಿಹಾಸವನ್ನು ಬರೆಯಹೊರಟವರು ಸಾಮಾನ್ಯವಾಗಿ ರಾಷ್ಟ್ರಕೂಟರಿಂದ ಆರಂಭಿಸಿ, 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿದಲ್ಲಿಗೆ ಲೇಖನಿಯನ್ನು ಕೆಳಗಿಡುತ್ತಾರೆ. ನಾವೂ ಹಾಗೆಯೇ ಮಾಡಿದವರು. ಆದರೆ ಆ ಬಳಿಕ ಇಲ್ಲಿಯ ಎರೆಭೂಮಿಗೆ ಬಂದ ಒಂದು ವಿಷಕ್ಕೂ ಅದರ ಪ್ರತಿವಿಷಕ್ಕೂ ಚರಿತ್ರೆಯುಂಟು. ಆ ಪ್ರತಿವಿಷದ ಬಂಧುವಾದರೋ ಈ ಊರುಗಳ ಬೇಲಿಯಲ್ಲಿ ಮೊದಲೇ ಬೆಳೆದಿದ್ದಿತು.

ಮದಗುಣಿಕೆ, ಉಮ್ಮತ್ತ, ದತ್ತೂರಿ ಎಂಬ ಹೆಸರುಗಳ ಈ ಗಿಡದ ಹೂವನ್ನು ಶಿವನಿಗೆ ಏರಿಸುವವರು ಅದರ ಬೀಜಕ್ಕೆ ಅಂಜುತ್ತಾರೆ. ದಾರಿಗಳ್ಳರು ಪ್ರಯಾಣಿಕರ ಆಹಾರದಲ್ಲಿ ಇದನ್ನು ಬೆರೆಸುತ್ತಿದ್ದರೆಂಬುದನ್ನು ನಾರ್ಮನ್ ಚೆವರ್ಸನು 1856ರ ತನ್ನ ವೈದ್ಯಕೀಯ ನ್ಯಾಯಶಾಸ್ತ್ರದ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದ್ದಾನೆ. ಉಬ್ಬಸಕ್ಕೆ ಇದರ ಹೊಗೆಯನ್ನು ಸೇದುವ ಭಾರತೀಯ ಪದ್ಧತಿಯು 1802ರಲ್ಲಿ ಮದರಾಸಿನಿಂದ ಬ್ರಿಟನ್ನಿಗೆ ಹೋಯಿತು. ಇಂದು ಶ್ವಾಸರೋಗಿಗಳು ಸೇದುವ ಇಪ್ರಾಟ್ರೋಪಿಯಂ, ಟಿಯೋಟ್ರೋಪಿಯಂಗಳು ಅದೇ ವಂಶದವು.

ಈ ವಂಶದ ಕಾರ್ಯವಿಧಾನವು ತಿಳಿದುಬಂದುದು ತಡವಾಗಿ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ದ್ರವ್ಯವು ಸ್ರವಿಸಿ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುತ್ತದೆ. ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳಲ್ಲಿ ಎರಡು ಬಗೆ: ಅಣಬೆಯ ಮಸ್ಕರಿನ್‌ಗೆ ಓಗೊಡುವವು, ಹೊಗೆಸೊಪ್ಪಿನ ನಿಕೊಟಿನ್‌ಗೆ ಓಗೊಡುವವು. ಹೆನ್ರಿ ಡೇಲನು 1914ರಲ್ಲಿ ಈ ಭೇದವನ್ನು ತೋರಿಸಿದನು. 1921ರಲ್ಲಿ ಆಟೋ ಲೋವಿಯು ಕಪ್ಪೆಯ ಹೃದಯದ ಮೇಲೆ ನಡೆಸಿದ ಪ್ರಯೋಗವು ನರವು ರಾಸಾಯನಿಕ ದ್ರವ್ಯದ ಮೂಲಕವೇ ಕೆಲಸಮಾಡುವುದೆಂಬುದನ್ನು ಸ್ಥಾಪಿಸಿತು. ಇವರಿಬ್ಬರಿಗೂ 1936ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಅಟ್ರೊಪಿನ್ ಮಸ್ಕರಿನ್ ಬಗೆಯ ಗ್ರಾಹಕಗಳ ಬಾಗಿಲಿನಲ್ಲಿ ಕುಳಿತು ಅಸಿಟೈಲ್‌ಕೋಲಿನ್ ಒಳಹೋಗದಂತೆ ತಡೆಯುತ್ತದೆ. ಆದುದರಿಂದ ಬಾಯಿ ಒಣಗುತ್ತದೆ, ಪಾಪೆ ಅರಳುತ್ತದೆ, ನಾಡಿ ವೇಗಗೊಳ್ಳುತ್ತದೆ, ಶ್ವಾಸನಾಳ ಸಡಿಲವಾಗುತ್ತದೆ. ಕಣ್ಣಿನ ಪರೀಕ್ಷೆ, ಹೊಟ್ಟೆನುಲಿತ, ಮೂತ್ರಾಶಯದ ಅತಿಚಟುವಟಿಕೆ, ಪ್ರಯಾಣದ ವಾಂತಿ ಮೊದಲಾದವುಗಳಿಗೆ ಈ ಗುಂಪಿನ ಔಷಧಗಳು ಬಳಕೆಯಲ್ಲಿರುವುದು ಇದರಿಂದಲೇ. ವೃದ್ಧರಲ್ಲಿ ಇವು ಬುದ್ಧಿಭ್ರಮಣೆಯನ್ನು ತರಬಲ್ಲವೆಂಬುದನ್ನೂ ಮರೆಯಲಾಗದು.

ನಮ್ಮ ತಾಲೂಕುಗಳಿಗೆ ಹೆಚ್ಚು ಸಂಬಂಧಿಸಿದ ಉಪಯೋಗವಾದರೋ ಬೇರೆಯೇ. ತೊಗರಿಯ ಕಾಯಿಕೊರಕ ಹುಳುವಿಗೆ ರೈತರು ಹೊಡೆಯುವ 'ಎಣ್ಣೆ'ಗಳಲ್ಲಿ (ಕೀಟನಾಶಕಕ್ಕೆ ನಮ್ಮ ಕಡೆಯ ಮಾತು ಇದು) ಅನೇಕವು ಸಾವಯವ ರಂಜಕದ ಸಂಯುಕ್ತಗಳು. ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನೇ ಅವು ಕಟ್ಟಿಹಾಕುತ್ತವೆ. ಆಗ ಆಜ್ಞೆಗೆ ಕೊನೆಯೇ ಇರದು: ಪಾಪೆ ಸಾಸಿವೆಯಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಪುಪ್ಪುಸದಲ್ಲಿ ದ್ರವ ತುಂಬಿ ಉಸಿರು ಕಟ್ಟುತ್ತದೆ. ಮದಗುಣಿಕೆಯು ಮಾಡುವುದಕ್ಕೆ ಇದು ಸರಿಯಾಗಿ ವಿರುದ್ಧ. ಎದೆಯ ಗೊರಗೊರ ಸದ್ದು ನಿಲ್ಲುವವರೆಗೆ ವೈದ್ಯರು ಅಟ್ರೊಪಿನ್ನನ್ನು ಏರಿಸುತ್ತ ಹೋಗುವುದು ಈ ಕಾರಣದಿಂದ.

1997-98ರಲ್ಲಿ ಅಕಾಲವೃಷ್ಟಿಯೂ ಹುಳುವೂ ಕೂಡಿ ಗುಲಬರ್ಗಾ, ಬೀದರ ಜಿಲ್ಲೆಗಳ ತೊಗರಿಯನ್ನು ನಾಶಮಾಡಿದವು. ಸಾಲ ತಂದು ಕೊಂಡ ಎಣ್ಣೆಯು ಹುಳುವನ್ನು ಕೊಲ್ಲಲಿಲ್ಲ. ಹಲವು ರೈತರ ಪ್ರಾಣ ಹೋಯಿತು. ಕರ್ನಾಟಕದ ರೈತರ ಆತ್ಮಹತ್ಯೆಗಳನ್ನು ಕುರಿತ ಜಿ. ಕೆ. ವೀರೇಶ ಸಮಿತಿಯ ವರದಿ 2002ರಲ್ಲಿ ಹೊರಬಂದಿತು. ಇಂಥ ವರದಿಗಳನ್ನೂ ನಾವು ಶಾಸನಗಳಷ್ಟೇ ಎಚ್ಚರದಿಂದ ಓದಬೇಕೆಂದು ನಮ್ಮ ಅಭಿಪ್ರಾಯ. ಮೊನೊಕ್ರೋಟೋಫಾಸಿನ 36 ಪ್ರತಿಶತ ದ್ರಾವಣವನ್ನು ಕೇಂದ್ರ ಸರಕಾರವು ನಿಷೇಧಿಸಿದುದು 2023ರಲ್ಲಿ. ಅದೇ ಗುಂಪಿನ ಬೇರೆ ಎಣ್ಣೆಗಳು ಅಂಗಡಿಗಳಲ್ಲಿ ಉಳಿದಿವೆ.

ಅಟ್ರೊಪಿನ್ನಿಗೂ ಮಿತಿಯುಂಟು. ಸ್ನಾಯುಗಳ ಆಜ್ಞೆ ನಿಕೊಟಿನ್ ಬಗೆಯ ಗ್ರಾಹಕಗಳ ಮೂಲಕ ನಡೆಯುವುದರಿಂದ, ಉಸಿರಾಟದ ಸ್ನಾಯುಗಳು ಸೋತರೆ ಅದು ಕೈಚೆಲ್ಲುತ್ತದೆ. ಆಗ ಕೃತಕ ಉಸಿರಾಟದ ಯಂತ್ರವೇ ಬೇಕು. ಜೇವರ್ಗಿಯ ರೋಗಿ ಅದಕ್ಕಾಗಿ ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿ ಸುಮಾರು 40 ಕಿಲೋಮೀಟರು ದೂರದ ಕಲಬುರಗಿಗೆ ಹೋಗುತ್ತಾನೆ. ಅಫಜಲಪುರದವನ ದಾರಿ ಇನ್ನೂ ಉದ್ದ.