ಏಷಿಯಾನಾ-೭೭ ಸ್ಮರಣಾರ್ಥ ಅಂಚೆಚೀಟಿಗಳು

ಏಷಿಯಾನಾ-೭೭ ಅಂಚೆಚೀಟಿಗಳು ಬೆಂಗಳೂರಿನಲ್ಲಿ ನಡೆದ ಮೊದಲ ಏಷ್ಯಾ ಅಂತರರಾಷ್ಟ್ರೀಯ ಅಂಚೆಚೀಟಿ ಪ್ರದರ್ಶನದ ನೆನಪಿಗಾಗಿ ಭಾರತೀಯ ಅಂಚೆ ಮತ್ತು ತಂತಿ ಇಲಾಖೆಯು ೧೯೭೭ರ ಅಕ್ಟೋಬರ್ ೧೯ರಂದು ಹೊರತಂದ ಎರಡು ಚೀಟಿಗಳು. ಇದಕ್ಕೆ ಒಂದು ವಾರ ಮೊದಲು, ಅಕ್ಟೋಬರ್ ೧೨ರಂದು, ಅದೇ ನಗರದ ರಾಷ್ಟ್ರೀಯ ಪ್ರದರ್ಶನವಾದ ಇನ್‌ಪೆಕ್ಸ್-೭೭ಕ್ಕಾಗಿ ಇನ್ನೊಂದು ಚೀಟಿ ಬಿಡುಗಡೆಯಾಗಿತ್ತು. ಭಾರತದಲ್ಲಿ ಅಂಚೆಚೀಟಿ ಹುಟ್ಟಿಬಂದ ಬಗೆ ಮತ್ತು ವಿದೇಶಿ ಟಪ್ಪಾಲು ಬರುತ್ತಿದ್ದ ದಾರಿ ಈ ಮೂರು ಚೀಟಿಗಳ ವಸ್ತುವಾಗಿರುವುದರಿಂದ ಇವನ್ನು ಒಟ್ಟಿಗೆ ನೋಡುವುದು ಉಪಯುಕ್ತ. ಹಿಂದೆ ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನಾಡಿನ ಅಂಚೆ ಚರಿತ್ರೆಯನ್ನು, ಅದರಲ್ಲೂ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲ್ಲೂಕುಗಳಾದ ಸಿರ್ಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳ ಅಂಚೆ ಚರಿತ್ರೆಯನ್ನು ತಿಳಿಯಲು ಇವು ನೆರವಾಗುತ್ತವೆ.

ಹಿನ್ನೆಲೆ

ಅಂಚೆಚೀಟಿ ಪ್ರದರ್ಶನಗಳಲ್ಲಿ ಸಂಗ್ರಾಹಕರು ತಮ್ಮ ಸಂಗ್ರಹವನ್ನು ಒಂದು ವಿಷಯಕ್ಕೆ ಅನುಗುಣವಾಗಿ ಹಾಳೆಗಳಲ್ಲಿ ಜೋಡಿಸಿ, ಗಾಜಿನ ಚೌಕಟ್ಟುಗಳಲ್ಲಿ ಇರಿಸುತ್ತಾರೆ. ತೀರ್ಪುಗಾರರು ಅವನ್ನು ಪರಿಶೀಲಿಸಿ ಪದಕಗಳನ್ನು ನೀಡುತ್ತಾರೆ. ಇಂತಹ ಸಂದರ್ಭದಲ್ಲಿ ಆತಿಥೇಯ ದೇಶವು ವಿಶೇಷ ಚೀಟಿ, ಮೊದಲ ದಿನದ ಲಕೋಟೆ ಮತ್ತು ವಿಶೇಷ ಮುದ್ರೆಗಳನ್ನು ಹೊರತರುವುದು ವಾಡಿಕೆ.

ಭಾರತದ ಅಂಚೆಚೀಟಿಗೆ ನೂರು ವರ್ಷ ತುಂಬಿದ ೧೯೫೪ರಲ್ಲಿ ನವದೆಹಲಿಯಲ್ಲಿ ಅಂತರರಾಷ್ಟ್ರೀಯ ಪ್ರದರ್ಶನವೊಂದು ನಡೆಯಿತು. ಆ ವರ್ಷ ಅಕ್ಟೋಬರ್ ೧ರಂದು ಶತಮಾನೋತ್ಸವದ ನಾಲ್ಕು ಚೀಟಿಗಳು ಬಿಡುಗಡೆಯಾದವು. ೧೯೭೪ರಲ್ಲಿ ಏಷ್ಯಾದ ಸಂಗ್ರಾಹಕ ಸಂಘಗಳ ಒಕ್ಕೂಟವೂ, ೧೯೭೫ರಲ್ಲಿ ಭಾರತದ ಸಂಘಗಳ ರಾಷ್ಟ್ರೀಯ ಸಂಸ್ಥೆಯಾದ ಫಿಲಾಟೆಲಿಕ್ ಕಾಂಗ್ರೆಸ್ ಆಫ್ ಇಂಡಿಯಾವೂ ಸ್ಥಾಪನೆಗೊಂಡವು. ಈ ಬೆಳವಣಿಗೆಯ ನಂತರ, ೧೯೭೭ರ ಅಕ್ಟೋಬರ್‌ನಲ್ಲಿ, ರಾಷ್ಟ್ರೀಯ ಮತ್ತು ಏಷ್ಯಾ ಮಟ್ಟದ ಎರಡು ಪ್ರದರ್ಶನಗಳು ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ನಡೆದವು.

ಚೀಟಿಗಳು

* ೨೫ ಪೈಸೆ, ಇನ್‌ಪೆಕ್ಸ್-೭೭, ಅಕ್ಟೋಬರ್ ೧೨: ೧೮೫೩ರ ಸಿಂಹ ಮತ್ತು ತಾಳೆಮರದ ಮಾದರಿ.
* ೧ ರೂಪಾಯಿ, ಏಷಿಯಾನಾ-೭೭, ಅಕ್ಟೋಬರ್ ೧೯: ೧೮೫೨ರ ಕೆಂಪು ಸಿಂಧ್ ಡಾಕ್ ಚೀಟಿ.
* ೩ ರೂಪಾಯಿ, ಏಷಿಯಾನಾ-೭೭, ಅಕ್ಟೋಬರ್ ೧೯: ೧೯೨೭ರಲ್ಲಿ ಮುಂಬಯಿಯ ಬಲಾರ್ಡ್ ಪಿಯರ್ ಧಕ್ಕೆಗೆ ಬಂದಿಳಿಯುತ್ತಿರುವ ವಿದೇಶಿ ಟಪ್ಪಾಲು.

ಮೂರೂ ಚೀಟಿಗಳು ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್‌ನಲ್ಲಿ ಮುದ್ರಣಗೊಂಡವು. ೨೫ ಪೈಸೆ ಎಂಬುದು ಆಗ ದೇಶದೊಳಗಿನ ಸಾಧಾರಣ ಲಕೋಟೆಯ ದರವಾಗಿತ್ತು. ಆದ್ದರಿಂದ ರಾಷ್ಟ್ರೀಯ ಪ್ರದರ್ಶನದ ಚೀಟಿಯು ದಿನಬಳಕೆಯ ಪತ್ರಗಳ ಮೇಲೆ ಸಲ್ಲುವಂತಹುದಾಗಿತ್ತು. ಏಷ್ಯಾ ಪ್ರದರ್ಶನದ ಚೀಟಿಗಳ ಬೆಲೆ ಅದಕ್ಕಿಂತ ಹೆಚ್ಚಿನದಾಗಿತ್ತು.

ಸಿಂಧ್ ಡಾಕ್

ಜಗತ್ತಿನ ಮೊದಲ ಅಂಟು ಅಂಚೆಚೀಟಿಯಾದ ಪೆನ್ನಿ ಬ್ಲ್ಯಾಕ್ ೧೮೪೦ರ ಮೇ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಿತು. ಹನ್ನೆರಡು ವರ್ಷಗಳ ನಂತರ, ೧೮೫೨ರ ಜುಲೈ ೧ರಂದು, ಸಿಂಧ್ ಪ್ರಾಂತ್ಯದ ಕಮಿಷನರ್ ಆಗಿದ್ದ ಸರ್ ಬಾರ್ಟಲ್ ಫ್ರಿಯರ್ ಅವರು ತಮ್ಮ ಪ್ರಾಂತ್ಯದ ಮಟ್ಟಿಗೆ ಅರ್ಧ ಆಣೆಯ ಚೀಟಿಯನ್ನು ಜಾರಿಗೆ ತಂದರು. ಏಷ್ಯಾ ಖಂಡದ ಮೊದಲ ಅಂಟು ಅಂಚೆಚೀಟಿ ಇದೇ. ಮೊದಲ ಏಷ್ಯಾ ಪ್ರದರ್ಶನದ ಚೀಟಿಗೆ ಇದು ವಸ್ತುವಾದದ್ದು ಸಹಜವೇ ಆಗಿದೆ.

ದುಂಡಾದ ಈ ಚೀಟಿಯ ನಡುವೆ ಈಸ್ಟ್ ಇಂಡಿಯಾ ಕಂಪನಿಯ ವರ್ತಕ ಗುರುತು ಇದ್ದಿತು. ಸುತ್ತಲೂ ಸಿಂಧ್ ಜಿಲ್ಲಾ ಡಾಕ್ ಎಂಬ ಅರ್ಥದ ಇಂಗ್ಲಿಷ್ ಬರಹವಿದ್ದಿತು. ಮೊದಲಿನ ಚೀಟಿಗಳನ್ನು ಪತ್ರಗಳಿಗೆ ಮುದ್ರೆ ಹಾಕಲು ಬಳಸುವ ಕೆಂಪು ಬಿಲ್ಲೆಯ ಮೇಲೆ ಉಬ್ಬಚ್ಚಿನಲ್ಲಿ ಒತ್ತಲಾಗಿತ್ತು. ಈ ಬಿಲ್ಲೆ ಸುಲಭವಾಗಿ ಬಿರುಕುಬಿಟ್ಟು ಒಡೆಯುತ್ತಿತ್ತು. ಆದ್ದರಿಂದ ಅನಂತರ ಬಿಳಿಯ ಕಾಗದದಲ್ಲಿ ಬಣ್ಣವಿಲ್ಲದ ಚೀಟಿಯನ್ನೂ ನೀಲಿ ಬಣ್ಣದ ಚೀಟಿಯನ್ನೂ ಹೊರತರಲಾಯಿತು. ಮೂರೂ ಬಗೆಯ ಚೀಟಿಗಳು ೧೮೫೪ರ ಸೆಪ್ಟೆಂಬರ್ ಅಂತ್ಯದಲ್ಲಿ ರದ್ದಾದವು. ಕೆಂಪು ಚೀಟಿಗಳಲ್ಲಿ ಉಳಿದಿರುವವು ತೀರ ಕೆಲವು.

ಸಿಂಹ ಮತ್ತು ತಾಳೆಮರ

ಇಡೀ ದೇಶಕ್ಕೆ ಸಲ್ಲುವ ಚೀಟಿಯ ಯೋಚನೆ ೧೮೫೩ರಲ್ಲಿ ರೂಪುಗೊಂಡಿತು. ಕಲ್ಕತ್ತಾ ಟಂಕಸಾಲೆಯ ಕರ್ನಲ್ ಫೋರ್ಬ್ಸ್ ಅವರು ಸಿಂಹ ಮತ್ತು ತಾಳೆಮರದ ಚಿತ್ರವಿರುವ ಮಾದರಿಯನ್ನು ಸಿದ್ಧಪಡಿಸಿದರು. ಆದರೆ ದೇಶಕ್ಕೆ ಬೇಕಾದಷ್ಟು ಚೀಟಿಗಳನ್ನು ಅಲ್ಲಿನ ಯಂತ್ರಗಳಿಂದ ಮುದ್ರಿಸಿಕೊಡಲು ಸಾಧ್ಯವಾಗದ ಕಾರಣ ಅದು ಬಳಕೆಗೆ ಬರಲಿಲ್ಲ. ಕೊನೆಗೆ ಕ್ಯಾಪ್ಟನ್ ಥುಯಿಲಿಯರ್ ಅವರ ಮೇಲ್ವಿಚಾರಣೆಯಲ್ಲಿ ಕಲ್ಕತ್ತಾದ ಸರ್ವೇ ಕಚೇರಿಯಲ್ಲಿ ರಾಣಿ ವಿಕ್ಟೋರಿಯಾಳ ಮುಖವಿರುವ ಚೀಟಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಲಾಯಿತು. ಹೀಗೆ ಇನ್‌ಪೆಕ್ಸ್-೭೭ರ ಚೀಟಿಯು ಎಂದೂ ಮಾರಾಟವಾಗದ ಒಂದು ಚೀಟಿಯ ಸ್ಮರಣೆಯಾಗಿದೆ.

ಅಖಿಲ ಭಾರತ ಚೀಟಿಗಳು ೧೮೫೪ರ ಅಕ್ಟೋಬರ್ ೧ರಿಂದ ಜಾರಿಗೆ ಬಂದವು. ಇವುಗಳೊಂದಿಗೆ ಬಂದ ಅಂಚೆ ದರದ ಸುಧಾರಣೆ ಚೀಟಿಗಿಂತಲೂ ಮಹತ್ವದ್ದು. ಅದಕ್ಕೆ ಮೊದಲು ಪತ್ರದ ದರವನ್ನು ತೂಕದ ಜೊತೆಗೆ ದೂರವನ್ನೂ ನೋಡಿ ನಿಗದಿ ಮಾಡುತ್ತಿದ್ದರು. ಕಲ್ಕತ್ತಾದಿಂದ ಮುಂಬಯಿಗೆ ಒಂದು ತೊಲ ತೂಕದ ಪತ್ರಕ್ಕೆ ಒಂದು ರೂಪಾಯಿ ತಗಲುತ್ತಿತ್ತು. ೧೮೫೪ರ ಅಂಚೆ ಕಾಯಿದೆಯು ದೂರದ ಲೆಕ್ಕವನ್ನು ಕೈಬಿಟ್ಟಿತು. ಕಾಲು ತೊಲ, ಎಂದರೆ ಸುಮಾರು ೩ ಗ್ರಾಂ ತೂಕದ ಪತ್ರವನ್ನು ಅರ್ಧ ಆಣೆಯ ಚೀಟಿ ಹಚ್ಚಿ ದೇಶದ ಯಾವ ಅಂಚೆ ಕಚೇರಿಗಾದರೂ ಕಳುಹಿಸಬಹುದಾಯಿತು. ರಾಜಧಾನಿಗಳಿಂದ ದೂರವಿದ್ದ, ಕಾಡು ಮತ್ತು ಘಟ್ಟಗಳ ನಡುವಿನ ಊರುಗಳಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಯಿತು.

ಬಲಾರ್ಡ್ ಪಿಯರ್

ಬ್ರಿಟನ್ ಮತ್ತು ಭಾರತಗಳ ನಡುವೆ ಕ್ರಮಬದ್ಧ ವಿಮಾನ ಅಂಚೆ ಆರಂಭವಾದದ್ದು ೧೯೨೯ರಲ್ಲಿ. ಅದಕ್ಕೆ ಮೊದಲು ಯೂರೋಪಿನ ಟಪ್ಪಾಲು ಹಡಗುಗಳಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲುಗಳಲ್ಲಿ ದೇಶದ ಒಳಭಾಗಗಳಿಗೆ ಹೋಗುತ್ತಿತ್ತು. ಮೂರು ರೂಪಾಯಿಯ ಚೀಟಿಯಲ್ಲಿರುವುದು ವಿಮಾನ ಅಂಚೆ ಬರುವುದಕ್ಕೆ ಎರಡು ವರ್ಷ ಮೊದಲಿನ ದೃಶ್ಯ. ಹಡಗು ಅಂಚೆಯ ಯುಗದ ಕೊನೆಯ ದಿನಗಳನ್ನು ಅದು ದಾಖಲಿಸುತ್ತದೆ.

ಕರ್ನಾಟಕದ ಅಂಚೆ ಚರಿತ್ರೆಯೊಡನೆ ಸಂಬಂಧ

ಪ್ರದರ್ಶನ ನಡೆದ ಬೆಂಗಳೂರು ಹಿಂದಿನ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ, ಎಂದರೆ ೧೭ನೆಯ ಶತಮಾನದ ಕೊನೆಯ ಭಾಗದಿಂದ, ಮೈಸೂರು ಅಂಚೆ ಎಂಬ ಸ್ವಂತ ವ್ಯವಸ್ಥೆ ನಡೆದುಬಂದಿತ್ತು. ೧೮೮೯ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಮೈಸೂರು ಅಂಚೆ ತನ್ನದೇ ಆದ ಅಂಟು ಚೀಟಿಗಳನ್ನು ಹೊರತರಲಿಲ್ಲ. ಸಿಂಧ್ ಡಾಕ್‌ಗಿಂತ ಸುಮಾರು ಒಂದೂವರೆ ಶತಮಾನ ಹಳೆಯದಾದ ಈ ವ್ಯವಸ್ಥೆ ಚೀಟಿಗಳ ಮೂಲಕ ಹೇಳುವ ಅಂಚೆ ಚರಿತ್ರೆಯಲ್ಲಿ ಕಾಣಿಸಿಕೊಳ್ಳದಿರುವುದಕ್ಕೆ ಇದೇ ಕಾರಣ. ಅದರ ಹೆಸರು ಮಾತ್ರ ಕನ್ನಡದಲ್ಲಿ ಇಡೀ ಇಲಾಖೆಯ ಹೆಸರಾಗಿ ಉಳಿದಿದೆ.

ಸಿರ್ಸಿ, ಸಿದ್ದಾಪುರ ಮತ್ತು ಯಲ್ಲಾಪುರಗಳ ಚರಿತ್ರೆ ಬೇರೆ ರೀತಿಯದು. ಸಿಂಧ್ ಡಾಕ್ ಬಳಕೆಯಲ್ಲಿದ್ದಾಗ ಈ ಪ್ರದೇಶವು ಮದ್ರಾಸ್ ಪ್ರೆಸಿಡೆನ್ಸಿಯ ಕೆನರಾ ಜಿಲ್ಲೆಯ ಭಾಗವಾಗಿತ್ತು. ೧೮೬೨ರಲ್ಲಿ ಉತ್ತರ ಕೆನರಾ ಜಿಲ್ಲೆಯನ್ನು ಮುಂಬಯಿ ಪ್ರೆಸಿಡೆನ್ಸಿಗೆ ಸೇರಿಸಲಾಯಿತು. ಆ ಬಳಿಕ ೧೯೩೬ರವರೆಗೆ ಸಿಂಧ್ ಮತ್ತು ಉತ್ತರ ಕೆನರಾ ಎರಡೂ ಒಂದೇ ಪ್ರೆಸಿಡೆನ್ಸಿಯಲ್ಲಿದ್ದವು. ೧೯೨೭ರಲ್ಲಿ ಯೂರೋಪಿನಿಂದ ಸಿರ್ಸಿಗೆ ಬರುವ ಪತ್ರಕ್ಕೆ ಮುಂಬಯಿಯೇ ಹೆಬ್ಬಾಗಿಲು. ರೈಲು ಹುಬ್ಬಳ್ಳಿ, ಹಾವೇರಿಗಳವರೆಗೆ ಮಾತ್ರ ಇತ್ತು. ಅಲ್ಲಿಂದ ಮುಂದೆ ಟಪ್ಪಾಲು ಚೀಲಗಳು ರಸ್ತೆಯ ಮೂಲಕವೇ ಸಾಗಬೇಕಾಗಿತ್ತು. ಇಂದಿಗೂ ಈ ಮೂರು ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲ.

ಸಿದ್ದಾಪುರ ತಾಲ್ಲೂಕಿಗೆ ತಾಗಿಕೊಂಡಿರುವ ಸಾಗರ ಮತ್ತು ಸೊರಬ ತಾಲ್ಲೂಕುಗಳು ಮೈಸೂರು ಸಂಸ್ಥಾನದಲ್ಲಿದ್ದವು. ಹೀಗಾಗಿ ೧೮೮೯ಕ್ಕೆ ಮೊದಲು ಗಡಿಯ ಈಚೆ ಬ್ರಿಟಿಷ್ ಭಾರತದ ಅಂಚೆ, ಆಚೆ ಮೈಸೂರು ಅಂಚೆ ಕೆಲಸ ಮಾಡುತ್ತಿದ್ದವು. ನೆರೆಹೊರೆಯ ಊರುಗಳು ಒಂದೇ ಭಾಷೆಯನ್ನಾಡುತ್ತಿದ್ದರೂ ಎರಡು ಆಡಳಿತಗಳಿಗೆ ಸೇರಿದ್ದವು. ಮುಂಬಯಿ ಪ್ರಾಂತ್ಯದಲ್ಲಿದ್ದ ಕನ್ನಡ ಪ್ರದೇಶಗಳಲ್ಲಿ ಟಪ್ಪಾಲು ಎಂಬ ಮಾತು, ಮೈಸೂರು ಭಾಗದಲ್ಲಿ ಅಂಚೆ ಎಂಬ ಮಾತು ಹೆಚ್ಚು ರೂಢಿಯಲ್ಲಿದ್ದುದಕ್ಕೆ ಈ ಹಿನ್ನೆಲೆಯಿದೆ.

೧೯೫೬ರ ನವೆಂಬರ್ ೧ರಂದು ಉತ್ತರ ಕನ್ನಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಆದ್ದರಿಂದ ಏಷಿಯಾನಾ-೭೭ ಈ ತಾಲ್ಲೂಕುಗಳ ಮಟ್ಟಿಗೆ ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ನಡೆದ ಪ್ರದರ್ಶನವಾಗಿತ್ತು. ಇಂದು ಸಿರ್ಸಿಯು ಅಂಚೆ ವಿಭಾಗವೊಂದರ ಕೇಂದ್ರವಾಗಿದೆ. ೧೯೭೨ರಲ್ಲಿ ಆರಂಭವಾದ ಪಿನ್‌ಕೋಡ್ ಪದ್ಧತಿಯಂತೆ ಸಿರ್ಸಿಗೆ ೫೮೧೪೦೧, ಸಿದ್ದಾಪುರಕ್ಕೆ ೫೮೧೩೫೫ ಮತ್ತು ಯಲ್ಲಾಪುರಕ್ಕೆ ೫೮೧೩೫೯ ಸಂಖ್ಯೆಗಳಿವೆ.

ಸಂಗ್ರಹದಲ್ಲಿ ಸ್ಥಾನ

ಚೀಟಿಯೊಳಗೆ ಇನ್ನೊಂದು ಚೀಟಿಯ ಚಿತ್ರವಿರುವುದನ್ನು ಸಂಗ್ರಾಹಕರು ಒಂದು ಪ್ರತ್ಯೇಕ ವಿಷಯವಾಗಿ ಸಂಗ್ರಹಿಸುತ್ತಾರೆ. ಸಿಂಧ್ ಡಾಕ್‌ನ ಮೂಲ ಚೀಟಿ ವಿದ್ಯಾರ್ಥಿಗಳ ಕೈಗೆ ಸಿಗುವಂತಹುದಲ್ಲ. ೧೯೭೭ರ ಒಂದು ರೂಪಾಯಿಯ ಚೀಟಿಯಲ್ಲಿ ಅದರ ರೂಪವನ್ನು ಕಾಣಬಹುದು. ಹಳೆಯ ಚೀಟಿಗಳನ್ನು ಲಕೋಟೆಯಿಂದ ಕಿತ್ತು ತೆಗೆಯದೆ, ಮುದ್ರೆಯ ಸಹಿತ ಇಡಿಯಾಗಿ ಉಳಿಸಿಕೊಳ್ಳುವುದು ಉತ್ತಮ. ಪತ್ರ ಹೊರಟ ಊರು, ತಲುಪಿದ ಊರು, ದಿನಾಂಕ ಮತ್ತು ತೆತ್ತ ದರ ಇವೆಲ್ಲ ಲಕೋಟೆಯಿಂದಲೇ ತಿಳಿಯುತ್ತವೆ. ಸ್ಥಳೀಯ ಅಂಚೆ ಚರಿತ್ರೆಗೆ ಇಂತಹ ಲಕೋಟೆಗಳೇ ಮುಖ್ಯ ಆಧಾರ.

ನಂತರದ ಪ್ರದರ್ಶನಗಳು

ಬೆಂಗಳೂರಿನ ಪ್ರದರ್ಶನದ ನಂತರ ನವದೆಹಲಿಯಲ್ಲಿ ೧೯೮೦ರ ಇಂಡಿಯಾ-೮೦, ೧೯೮೯ರ ಇಂಡಿಯಾ-೮೯, ೧೯೯೭ರ ಇಂಡೆಪೆಕ್ಸ್-೯೭ ಮತ್ತು ೨೦೧೧ರ ಇಂಡಿಪೆಕ್ಸ್ ಅಂತರರಾಷ್ಟ್ರೀಯ ಪ್ರದರ್ಶನಗಳು ನಡೆದವು. ಇಂಡಿಯಾ-೮೦ರ ಸಂದರ್ಭದಲ್ಲಿ ಹೊರಬಂದ ನಾಲ್ಕು ಚೀಟಿಗಳಲ್ಲಿ ೧೭೭೪ರ ತಾಮ್ರದ ಮುಂಗಡ ಅಂಚೆ ಬಿಲ್ಲೆ ಮತ್ತು ಅಂಚೆಚೀಟಿಯ ಪ್ರವರ್ತಕ ಸರ್ ರೋಲೆಂಡ್ ಹಿಲ್ ಅವರ ಚಿತ್ರಗಳಿದ್ದವು. ೨೦೧೧ರಲ್ಲಿ ಮಹಾತ್ಮ ಗಾಂಧಿಯವರ ಚಿತ್ರವಿರುವ ಚೀಟಿಯನ್ನು ಖಾದಿ ಬಟ್ಟೆಯ ಮೇಲೆ ಮುದ್ರಿಸಲಾಯಿತು. ಬೆಂಗಳೂರಿನಲ್ಲಿ ಮೊದಲು ಬಳಕೆಗೆ ಬಂದ ಏಷಿಯಾನಾ ಎಂಬ ಹೆಸರನ್ನು ೨೦೦೦ದಲ್ಲಿ ಕಲ್ಕತ್ತಾದಲ್ಲಿ ನಡೆದ ಇಂಡೆಪೆಕ್ಸ್ ಏಷಿಯಾನಾ ಪ್ರದರ್ಶನಕ್ಕೆ ಮತ್ತೆ ಇರಿಸಲಾಯಿತು.