ಹನ್ನೊಂದು ರೂಪಾಯಿಯ ಕಂಪ್ಯೂಟರ್

ಭಾಗ 1/7
(ಫೋಟೋ: ಹೊಳೆನರಸೀಪುರ, ನಮ್ಮನೆ ಹಾಲ್. ಕ್ಯಾಬಿನೆಟ್ ಮೇಲೆ ಆಯುಧಪೂಜೆಯ ಕುಂಕುಮ ಇನ್ನೂ ಹೋಗಿಲ್ಲ.)

ಮಂಜರಾಬಾದ್ ಕೋಟೆ ಆಯ್ತು, ಹಳೇಬೀಡು ಆಯ್ತು. ಈ ಸಲದ ಇತಿಹಾಸ ನಮ್ಮನೆ ಮೂಲೆಯಲ್ಲಿರೋ ಡಬ್ಬಿದು. ನಗಬೇಡಿ, ಪೂರ್ತಿ ಓದಿ.

2013ರ ಜೂನ್‌ನಲ್ಲಿ ಅಪ್ಪ ತಮ್ಮ ಡಿಟಿಪಿ-ಜೆರಾಕ್ಸ್ ಅಂಗಡಿಗೆ ಅಂತ ಇದನ್ನ ಅಸೆಂಬಲ್ ಮಾಡಿಸಿದ್ರು. ಇಂಟೆಲ್ ಐ5-3470 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮಾನಿಟರ್ ಸೇರಿ 26,000 ರೂಪಾಯಿ. ನಾನಾಗ ಮೂರನೇ ಕ್ಲಾಸು. 2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು, ಡಬ್ಬಿ ಮನೆಗೆ ಬಂತು, ನನ್ನ ಗೇಮಿಂಗ್ ಪಿಸಿ ಆಯ್ತು.

ಈಗ ಕ್ಲಾಸ್‌ಮೇಟ್‌ಗಳಿಗೆ ಒಂದು ಲೆಕ್ಕ. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರ್‌ಗೆ ಸವಕಳಿ ಆಗ ಶೇ. 60 ಇತ್ತು, 2017ರ ಏಪ್ರಿಲ್‌ನಿಂದ ಶೇ. 40 ಆಯ್ತು. ಅಂಗಡಿ ನಡೀತಾನೇ ಇತ್ತು ಅಂತ ಇಟ್ಕೊಂಡು, ಇದೊಂದನ್ನೇ ರಿಟನ್ ಡೌನ್ ವ್ಯಾಲ್ಯೂ ವಿಧಾನದಲ್ಲಿ ಇಳಿಸ್ತಾ ಬನ್ನಿ. 2014ರ ಮಾರ್ಚ್‌ಗೆ 10,400. 2017ಕ್ಕೆ 666. 2020ಕ್ಕೆ 144. 2025ರ ಮಾರ್ಚ್ 31ಕ್ಕೆ 11 ರೂಪಾಯಿ. ಬಸ್ ಸ್ಟ್ಯಾಂಡಲ್ಲಿ ಒಂದು ಟೀ ದುಡ್ಡು.

ಈ 11 ರೂಪಾಯಿ ಡಬ್ಬಿಗೆ ಅಮ್ಮ ಚೀಟಿ ದುಡ್ಡಲ್ಲಿ 20,000 ಕೊಟ್ರು. ಜೊತೆಗೆ ಒಂದು ಮಾತು: "ಇದ್ರಲ್ಲೇ ನಿನ್ನ ಗೇಮೂ ಓಡ್ಬೇಕು, ಟ್ಯಾಲಿನೂ ಓಡ್ಬೇಕು. ಇನ್ನೊಂದ್ಸಲ ಕೇಳ್ಬೇಡ."

ಒಂದೇ ಚಾನ್ಸು. ಯಾವ ಪಾರ್ಟ್ ಇಟ್ಕೊಳ್ಳೋದು, ಯಾವುದು ತೆಗೆಯೋದು? ಉತ್ತರ ಸಿಕ್ಕಿದ್ದು ಯಾವ ರಿವ್ಯೂ ವಿಡಿಯೋದಲ್ಲೂ ಅಲ್ಲ, ಆ ಪಾರ್ಟ್‌ಗಳ ಇತಿಹಾಸದಲ್ಲಿ.

ಭಾಗ 2/7
(ಫೋಟೋ: ಸೈಡ್ ಪ್ಯಾನೆಲ್ ಬಿಚ್ಚಿದ ಮೇಲೆ. ಧೂಳಿಗೆ ಕ್ಷಮೆ ಇರಲಿ.)

ಮೊದಲ ಪ್ರಶ್ನೆ: ಫೋನ್ ಬಿಚ್ಚಿ ನಾವೇ ಪ್ರೊಸೆಸರ್ ಹಾಕೋಕಾಗಲ್ಲ, ಕಂಪ್ಯೂಟರ್‌ಗೆ ಹೇಗೆ ಆಗುತ್ತೆ?

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿ ಬಿಡುಗಡೆ ಮಾಡ್ತು. ಬೇಗ ಮುಗಿಸೋ ಅವಸರ, ಹಾಗಾಗಿ ಒಳಗಿನ ಮುಖ್ಯ ಪಾರ್ಟ್‌ಗಳನ್ನ ಬೇರೆ ಕಂಪನಿಗಳಿಂದ ಕೊಂಡ್ರು. ಪ್ರೊಸೆಸರ್ ಇಂಟೆಲ್‌ದು, ಡಾಸ್ ಮೈಕ್ರೋಸಾಫ್ಟ್‌ದು. ಬೇರೆಯವರೂ ಕಾರ್ಡ್ ಮಾಡ್ಲಿ ಅಂತ ಸರ್ಕ್ಯೂಟ್ ವಿವರಗಳನ್ನ ಪುಸ್ತಕ ಮಾಡಿ ಮಾರಿದ್ರು. ಅವರ ಕೈಯಲ್ಲಿ ಭದ್ರವಾಗಿ ಉಳಿದಿದ್ದು ಬಯಾಸ್ ಒಂದೇ. ಕಾಂಪ್ಯಾಕ್ ಕಂಪನಿ ಅದನ್ನ ನಕಲು ಮಾಡದೆ, ಅದೇ ಕೆಲಸ ಮಾಡೋ ಬಯಾಸನ್ನ ಹೊಸದಾಗಿ ಬರೀತು. ಅಲ್ಲಿಂದ ಯಾರು ಬೇಕಾದ್ರೂ ಪಿಸಿ ಜೋಡಿಸ್ಬಹುದು ಅನ್ನೋ ಕಾಲ ಶುರುವಾಯ್ತು.

ನಮ್ಮ ದೇಶಕ್ಕೆ ಇದು ತಲುಪೋಕೆ ಸ್ವಲ್ಪ ತಡ ಆಯ್ತು. 1984ರ ಹೊಸ ಕಂಪ್ಯೂಟರ್ ನೀತಿ ಆಮದನ್ನ ಸಡಿಲ ಮಾಡ್ತು. 1997ರಲ್ಲಿ ಭಾರತ ಡಬ್ಲ್ಯೂಟಿಒದ ಐಟಿ ಒಪ್ಪಂದಕ್ಕೆ ಸೇರಿ, ಕಂಪ್ಯೂಟರ್ ಪಾರ್ಟ್‌ಗಳ ಮೇಲಿನ ಸುಂಕ ಹಂತಹಂತವಾಗಿ ಇಳೀತು. ಹಾಸನದಂಥ ಊರಲ್ಲೂ "ಅಸೆಂಬಲ್ಡ್" ಅನ್ನೋ ಪದ ಮನೆಮಾತಾಗೋಕೆ ಇದೂ ಒಂದು ಕಾರಣ.

1995ರಲ್ಲಿ ಇಂಟೆಲ್ ಎಟಿಎಕ್ಸ್ ಅನ್ನೋ ಅಳತೆ ಕೊಡ್ತು. ಬೋರ್ಡಿನ ಸ್ಕ್ರೂ ತೂತು ಎಲ್ಲಿ, ಹಿಂದಿನ ಕಿಂಡಿ ಎಲ್ಲಿ, ಎಲ್ಲ ಅದರಲ್ಲಿದೆ. 30 ವರ್ಷ ಆಯ್ತು, ಆ ಅಳತೆ ಇವತ್ತಿಗೂ ನಡೀತಿದೆ. ನಾನು ಟೇಪ್ ಹಿಡಿದು ನೋಡ್ದೆ. ಹೊಸ ಬೋರ್ಡ್ ನಮ್ಮ ಹಳೇ ಕ್ಯಾಬಿನೆಟ್‌ಗೆ ಸಲೀಸಾಗಿ ಕೂರುತ್ತೆ.

ಮೊದಲ ತೀರ್ಮಾನ: ಕ್ಯಾಬಿನೆಟ್ ಉಳೀತು. ಆರ್‌ಜಿಬಿ ಲೈಟ್ ಆಸೆ ಬಿಟ್ಟೆ.

ಭಾಗ 3/7
(ಫೋಟೋ: ಹೊಳೆನರಸೀಪುರ ರೈಲ್ವೆ ಸ್ಟೇಷನ್. ಯಾಕೆ ಅಂತ ಕೊನೇ ಸಾಲಲ್ಲಿ.)

ನನ್ನ ಮೊದಲ ಪ್ಲಾನ್ ಸಿಂಪಲ್ ಇತ್ತು: ಬೋರ್ಡ್ ಹಳೇದೇ ಇರ್ಲಿ, ಪ್ರೊಸೆಸರ್ ಮಾತ್ರ ಹೊಸದು ಹಾಕೋಣ.

ಆಗಲ್ಲ. ನಮ್ಮ ಬೋರ್ಡಿನ ಸಾಕೆಟ್ ಎಲ್‌ಜಿಎ 1155. ಇಂಟೆಲ್ ಅದನ್ನ 2011ರಲ್ಲಿ ತಂತು, 2013ರಲ್ಲಿ 1150ಕ್ಕೆ ಹೋಯ್ತು. 2015ಕ್ಕೆ 1151. 2017ರಲ್ಲಿ ಹೆಸರು ಅದೇ 1151, ಆದ್ರೆ ಹೊಸ ಪ್ರೊಸೆಸರ್ ಹಳೇ ಬೋರ್ಡಲ್ಲಿ ನಡೀಲಿಲ್ಲ. 2020ಕ್ಕೆ 1200, 2021ಕ್ಕೆ 1700. ಅಪ್ಪ ಡಬ್ಬಿ ತಂದ ಜೂನ್ ತಿಂಗಳಲ್ಲೇ ಅದರ ಸಾಕೆಟ್ ಹಳೇದಾಗಿತ್ತು, ಅವರಿಗೆ ಯಾರೂ ಹೇಳ್ಲಿಲ್ಲ. 1155ಕ್ಕೆ ಹಾಕಬಹುದಾದ ದೊಡ್ಡ ಪ್ರೊಸೆಸರ್ ಅಂದ್ರೆ ಐ7-3770 ಸಾಲಿಂದು, ಅದೂ 2012ರದ್ದು.

ರ‍್ಯಾಮ್ ಕಥೆನೂ ಅಷ್ಟೇ. ನಮ್ಮದು ಡಿಡಿಆರ್3. 2014ರಲ್ಲಿ ಡಿಡಿಆರ್4 ಬಂತು. ಕಚ್ಚಿನ ಜಾಗ ಬೇರೆ, ವೋಲ್ಟೇಜ್ ಬೇರೆ. ಒತ್ತಿ ಹಾಕೋಕೆ ಹೋದ್ರೆ ಮುರಿಯುತ್ತೆ ಅಷ್ಟೇ.

ಎಎಂಡಿ ಇನ್ನೊಂದು ದಾರಿ ಹಿಡೀತು. 2017ರ ಮಾರ್ಚ್‌ನಲ್ಲಿ ರೈಜನ್ ಪ್ರೊಸೆಸರ್‌ಗಳು ಎಎಂ4 ಸಾಕೆಟ್‌ನಲ್ಲಿ ಬಂದ್ವು. ಆ ವರ್ಷದ ಎಷ್ಟೋ ಬೋರ್ಡ್‌ಗಳಿಗೆ ಬಯಾಸ್ ಅಪ್‌ಡೇಟ್ ಆದ ಮೇಲೆ 2022ರ ಪ್ರೊಸೆಸರ್ ಕೂಡ ಹಾಕಬಹುದು. ಐದು ವರ್ಷ ಒಂದೇ ಸಾಕೆಟ್.

ಇದನ್ನ ಅಪ್ಪನಿಗೆ ಹೇಳ್ದಾಗ ಅವರು ಸ್ಟೇಷನ್ ಕಡೆ ಕೈ ತೋರಿಸಿದ್ರು. ನಮ್ಮೂರ ಲೈನ್ ಮೊದಲು ಮೀಟರ್ ಗೇಜ್, ಆಮೇಲೆ ಬ್ರಾಡ್ ಗೇಜ್ ಆಯ್ತು. ಹಳೇ ಎಂಜಿನ್ ಎಷ್ಟೇ ಗಟ್ಟಿ ಇದ್ರೂ ಹೊಸ ಹಳಿ ಮೇಲೆ ಓಡಲ್ಲ. "ಹಳಿ ಬದಲಾಗಿದೆ ಅನ್ನು" ಅಂದ್ರು. ಅದೇ ಅಪ್ಪ, ಹಳಿ ಬದಲಾಗಿದೆ.

ಭಾಗ 4/7
(ಫೋಟೋ: ಹಾರ್ಡ್ ಡಿಸ್ಕ್. ಇದರೊಳಗೆ ಹೊಳೆನರಸೀಪುರದ ಅರ್ಧ ಮದುವೆಗಳಿವೆ.)

ಬೋರ್ಡ್ ಯೋಚನೆಯಲ್ಲಿದ್ದಾಗಲೇ ಡಿಸ್ಕ್ ಟಿಕ್ ಟಿಕ್ ಅನ್ನೋಕೆ ಶುರು ಮಾಡ್ತು. ಗೇಮ್ ಲೋಡ್ ಆಗೋ ಸದ್ದು ಅಂದ್ಕೊಂಡಿದ್ದೆ. ಒಂದು ರಾತ್ರಿ ಏನೂ ಓಪನ್ ಇಲ್ಲದಿದ್ರೂ ಕೇಳಿಸ್ತು.

1956ರಲ್ಲಿ ಐಬಿಎಂ ಮಾಡಿದ ಮೊದಲ ಹಾರ್ಡ್ ಡಿಸ್ಕ್ ಡ್ರೈವ್‌ನಲ್ಲಿ 50 ತಟ್ಟೆ ಇದ್ವು, ಹಿಡೀತಿದ್ದದ್ದು ಸುಮಾರು 5 ಎಂಬಿ. ಈಗಿನ ಒಂದು ಫೋಟೋ. ನಮ್ಮ ಡಿಸ್ಕ್ ಎಷ್ಟೋ ಚಿಕ್ಕದು, ಎಷ್ಟೋ ದೊಡ್ಡದು, ಆದ್ರೆ ತತ್ವ ಅದೇ: ತಟ್ಟೆ ತಿರುಗಬೇಕು, ತೋಳು ಜಾಗ ಹುಡುಕಬೇಕು. ತಿರುಗೋದು ಸವೆಯುತ್ತೆ.

ಇದರಲ್ಲಿ ಅಪ್ಪನ ಏಳು ವರ್ಷದ ಕೆಲಸ ಇದೆ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಸಂಘದ ಲೆಟರ್‌ಹೆಡ್. ಎಲ್ಲಾ ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ, ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು. ಫೈಲ್ ಕಾಪಿ ಮಾಡಿ ಫಾಂಟ್ ಬಿಟ್ರೆ, ಹೊಸ ಕಂಪ್ಯೂಟರಲ್ಲಿ ವಧುವಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಹಾಗಾಗಿ ಫಾಂಟ್ ಫೋಲ್ಡರನ್ನೂ ಕಾಪಿ ಮಾಡ್ದೆ. ನಿಮ್ಮನೇಲೂ ಹಳೇ ನುಡಿ ಫೈಲ್ ಇದ್ರೆ ಇದೊಂದು ಮರೀಬೇಡಿ.

ಮೊದಲ ಖರ್ಚು ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಅಲ್ಲ, ಎಸ್‌ಎಸ್‌ಡಿ. ಅದರಲ್ಲಿ ತಿರುಗೋದು ಏನೂ ಇಲ್ಲ. ಸಾಟಾ ಕನೆಕ್ಟರ್ 2003ರ ಕಾಲದ ಒಪ್ಪಂದ, ಇನ್ನೂ ಗಟ್ಟಿಯಾಗಿದೆ. ನಮ್ಮ ಹಳೇ ಬೋರ್ಡಿನ ಸಾಟಾ ಅರ್ಧ ವೇಗದ್ದು, ಆದ್ರೂ ಅದರಲ್ಲೇ ಹಾಕಿ ನೋಡಿದ್ರೆ ಎರಡು ನಿಮಿಷ ತಗೋತಿದ್ದ ವಿಂಡೋಸ್ ಅರ್ಧ ನಿಮಿಷದೊಳಗೆ ಆನ್ ಆಯ್ತು. ಯಾರಾದ್ರೂ ಬರೀ 3-4 ಸಾವಿರ ಇಟ್ಕೊಂಡು ಕೇಳಿದ್ರೆ ನಾನು ಹೇಳೋದು ಇದೊಂದೇ.

ಭಾಗ 5/7
(ಫೋಟೋ: ಎಡಕ್ಕೆ ಹಳೇ ಎಸ್‌ಎಂಪಿಎಸ್, ಬಲಕ್ಕೆ ಹೊಸದು. ತೂಕ ನೋಡಿದ್ರೇ ಗೊತ್ತಾಗುತ್ತೆ.)

ಈಗ ಎಲ್ಲರೂ ಕಾಯ್ತಿರೋ ಗ್ರಾಫಿಕ್ಸ್ ಕಾರ್ಡ್.

ನನ್ನ ಹತ್ರ ಇರೋದು ಜಿಟಿಎಕ್ಸ್ 750 ಟಿಐ. 2014ರ ಫೆಬ್ರವರಿಯ ಮಾಡೆಲ್, ಅರಕಲಗೂಡಿನ ದೊಡ್ಡಮ್ಮನ ಮಗ, ಅಣ್ಣ, ಕೊಟ್ಟಿದ್ದು. ಇದು ತಿನ್ನೋದು 60 ವ್ಯಾಟ್. ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟೇ 75 ವ್ಯಾಟ್ ತನಕ ಕೊಡುತ್ತೆ, ಹಾಗಾಗಿ ಬೇರೆ ವೈರ್ ಬೇಡ. ಹಳೇ ಡಬ್ಬಿಗಳಲ್ಲಿ ಈ ಕಾರ್ಡ್ ಇಷ್ಟು ವರ್ಷ ಬದುಕಿದ್ದಕ್ಕೆ ಇದೇ ಗುಟ್ಟು. ದೊಡ್ಡ ಕಾರ್ಡ್ ಬೇಕು ಅಂದ್ರೆ ಮೊದಲು ಕರೆಂಟಿನ ದಾರಿ ಸರಿ ಇರ್ಬೇಕು.

ನಮ್ಮ ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್ ಮೇಲೆ 450 ಅಂತ ಬರೆದಿತ್ತು. ಆದ್ರೆ ಪ್ರೊಸೆಸರ್‌ಗೂ ಕಾರ್ಡ್‌ಗೂ ಬೇಕಿರೋದು 12 ವೋಲ್ಟ್ ಲೈನ್. ಸ್ಟಿಕ್ಕರಲ್ಲಿ ಆ ಲೈನಿನ ಆಂಪ್ಸ್ 16. 12 ಗುಣಿಸು 16, ಅಂದ್ರೆ 192 ವ್ಯಾಟ್. ದೊಡ್ಡಕ್ಷರ ಒಂದು, ಸಣ್ಣಕ್ಷರ ಇನ್ನೊಂದು. ಅಕೌಂಟ್ಸ್ ಓದೋರಿಗೆ ಇದು ಹೊಸದೇನಲ್ಲ. ಬೇಸಿಗೆಯಲ್ಲಿ ಊರಲ್ಲೆಲ್ಲಾ ಪಂಪ್‌ಸೆಟ್ ಆನ್ ಆದಾಗ ವೋಲ್ಟೇಜ್ ಕುಗ್ಗಿ, ಪಿಸಿ ಮ್ಯಾಚ್ ಮಧ್ಯೆ ಆಫ್ ಆಗ್ತಿದ್ದದ್ದು ಇದೇ ಕಾರಣಕ್ಕೆ ಇರ್ಬೇಕು. ಎರಡನೇ ಖರ್ಚು: ಬಿಲ್, ವಾರಂಟಿ ಇರೋ ಎಸ್‌ಎಂಪಿಎಸ್.

ಇನ್ನು ಸೆಕೆಂಡ್ ಹ್ಯಾಂಡ್ ಕಾರ್ಡ್ ಬಗ್ಗೆ. 2021ರಲ್ಲಿ ಕಾರ್ಡ್ ರೇಟ್ ಆಕಾಶಕ್ಕೆ ಹೋಗಿತ್ತಲ್ಲ, ಚಿಪ್ ಕೊರತೆ ಒಂದು ಕಾರಣ, ಇಥೀರಿಯಂ ಮೈನಿಂಗ್ ಇನ್ನೊಂದು. 2022ರ ಸೆಪ್ಟೆಂಬರ್ 15ಕ್ಕೆ ಇಥೀರಿಯಂ ಆ ವಿಧಾನವನ್ನೇ ಬಿಡ್ತು. ಹಗಲು ರಾತ್ರಿ ದುಡಿದ ಕಾರ್ಡ್‌ಗಳು ರಾಶಿ ರಾಶಿ ಮಾರ್ಕೆಟ್‌ಗೆ ಬಂದ್ವು. ನಮ್ಮ ಅಣ್ಣನೇ ಆನ್‌ಲೈನಲ್ಲಿ ಒಂದು ತಗೊಂಡ, ಮೂರು ತಿಂಗಳಿಗೆ ಕಾರ್ಡ್ ಹೋಯ್ತು. ವಾಲೊರಾಂಟ್ ಆಡೋಕೆ 750 ಟಿಐ ಈಗಲೂ ಸಾಕು. ಎನ್ವಿಡಿಯಾ 2025ರ ಅಕ್ಟೋಬರ್‌ಗೆ ಇದರ ಗೇಮ್ ಡ್ರೈವರ್ ನಿಲ್ಲಿಸಿದೆ, ಇನ್ನು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ. ಅದಕ್ಕೇ ಕಾರ್ಡ್ ಮುಂದಿನ ವರ್ಷಕ್ಕೆ. ಈಗ ಆತುರ ಬೇಡ.

ಭಾಗ 6/7
(ಫೋಟೋ: ಯಶವಂತಪುರಕ್ಕೆ ಹೋಗೋ ಟ್ರೈನ್, ಚನ್ನರಾಯಪಟ್ಟಣ ದಾಟಿದ ಮೇಲೆ.)

ಬೆಂಗಳೂರು-ಹಾಸನ ರೈಲು ಮಾರ್ಗ ಶ್ರವಣಬೆಳಗೊಳದ ಮೇಲೆ ಪೂರ್ತಿಯಾಗಿದ್ದು 2017ರ ಮಾರ್ಚ್‌ನಲ್ಲಿ. ರೈಜನ್ ಬಂದಿದ್ದೂ ಅದೇ ತಿಂಗಳು. ಎರಡೂ ನನಗೆ ಒಂದೇ ದಿನ ಉಪಯೋಗಕ್ಕೆ ಬಂದ್ವು.

ಯಶವಂತಪುರದಲ್ಲಿಳಿದು ಮೆಟ್ರೋ ಹತ್ತಿ ಚಿಕ್ಕಪೇಟೆ, ಅಲ್ಲಿಂದ ನಡ್ಕೊಂಡು ಎಸ್‌ಪಿ ರೋಡ್. ಪೂರ್ತಿ ಹೆಸರು ಸಾದರ ಪತ್ರಪ್ಪ ರಸ್ತೆ. ಎಸ್‌ಎಸ್‌ಡಿ, ಎಸ್‌ಎಂಪಿಎಸ್ ಎರಡೂ ಹಿಂದೆ ಅಲ್ಲೇ ತಗೊಂಡಿದ್ದು. ಈ ಸಲ ಹೋಗಿದ್ದು ಬೋರ್ಡ್, ಪ್ರೊಸೆಸರ್, ರ‍್ಯಾಮ್ ರೇಟ್ ಕೇಳೋಕೆ. ರ‍್ಯಾಮ್ ರೇಟ್ ಕೇಳಿ ಗಾಬರಿ ಆಯ್ತು.

ಇದಕ್ಕೂ ಕಾರಣ ಇದೆ. ಜಗತ್ತಿನ ಬಹುಪಾಲು ಮೆಮೊರಿ ಮಾಡೋದು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳು ಅವರ ಮಾಲನ್ನ ಎಳ್ಕೊಳ್ತಿವೆ. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ನಮ್ಮಂಥ ಗ್ರಾಹಕರಿಗೆ ಮಾರ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚೋದಾಗಿ ಹೇಳ್ತು. ಎಲ್ಲೋ ದೂರದ ಗೋಡೌನಿನ ಬೇಡಿಕೆ, ಬಿಸಿ ತಟ್ಟೋದು ಹೊಳೆನರಸೀಪುರದ ಚೀಟಿ ದುಡ್ಡಿಗೆ. ಆಲೂಗೆಡ್ಡೆ ಬೆಳೆಯೋ ನಮ್ಮ ಜಿಲ್ಲೆಯವರಿಗೆ ಮಾರ್ಕೆಟ್ ಹೀಗೆ ಆಡೋದು ಹೊಸದಲ್ಲ.

ವಾಪಸ್ ಬರ್ತಾ ಚನ್ನರಾಯಪಟ್ಟಣದಲ್ಲಿ ಇಳಿದೆ. ಅಲ್ಲಿನ ನಮ್ಮ ಸೀನಿಯರ್ ಒಬ್ರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೊರಟಿದ್ರು, ಪಿಸಿ ಮಾರ್ತಿದ್ರು. ಬಿ450 ಬೋರ್ಡ್, ರೈಜನ್ 5 3600, 16 ಜಿಬಿ ಡಿಡಿಆರ್4, ಕೂಲರ್ ಸಮೇತ. 14,000 ಅಂದ್ರು. "ಅಣ್ಣಾ, ಅಮ್ಮನ ಚೀಟಿ ದುಡ್ಡು" ಅಂದೆ. 12,500ಕ್ಕೆ ಒಪ್ಪಿದ್ರು.

ದುಡ್ಡು ಕೊಡೋ ಮುಂಚೆ ನೋಡಿದ್ದು ಮೂರು. ಒಂದು, ಎಎಂ4 ಪ್ರೊಸೆಸರಿನ ಪಿನ್‌ಗಳು ಅದರ ಹೊಟ್ಟೆಗೇ ಇರುತ್ತೆ, ಫೋನ್ ಟಾರ್ಚ್ ಹಾಕಿ ಬಗ್ಗಿರೋದು ಇದ್ಯಾ ಅಂತ ನೋಡ್ದೆ. ಎರಡು, ಎದುರಿಗೇ ಆನ್ ಮಾಡಿಸಿ ಒಂದು ಗಂಟೆ ಗೇಮ್ ಆಡಿ ಬಿಸಿ ಎಷ್ಟು ಅಂತ ನೋಡ್ದೆ. ಮೂರು, ವಿಂಡೋಸ್ 11. ವಿಂಡೋಸ್ 10ರ ಉಚಿತ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, ಹೆಚ್ಚುವರಿ ಅಪ್‌ಡೇಟ್‌ಗೆ ಸೇರ್ಕೊಂಡ್ರೆ ಇನ್ನೊಂದು ವರ್ಷ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಹೆಸರೂ ಇರ್ಬೇಕು. ನಮ್ಮ ಐ5-3470 ಆ ಪಟ್ಟಿಯಲ್ಲಿಲ್ಲ, ರೈಜನ್ 3600 ಇದೆ.

ಭಾಗ 7/7
(ಫೋಟೋ: ಅದೇ ಡಬ್ಬಿ, ಅದೇ ಕುಂಕುಮ.)

ಲೆಕ್ಕ ಒಪ್ಪಿಸ್ತೀನಿ.

ಎಸ್‌ಎಸ್‌ಡಿ 3,400
ಎಸ್‌ಎಂಪಿಎಸ್ 3,100
ಬೋರ್ಡ್, ಪ್ರೊಸೆಸರ್, ರ‍್ಯಾಮ್ 12,500
ಥರ್ಮಲ್ ಪೇಸ್ಟ್ 250
ಒಟ್ಟು 19,250

ಉಳಿದ 750 ಅಮ್ಮನಿಗೆ ವಾಪಸ್. ಟ್ರೈನ್ ಚಾರ್ಜ್ ನನ್ನ ಜೇಬಿಂದು. ಕ್ಯಾಬಿನೆಟ್, ಮಾನಿಟರ್, ಗ್ರಾಫಿಕ್ಸ್ ಕಾರ್ಡ್ ಹಳೇದೇ. ಹಳೇ ಡಿಸ್ಕನ್ನ ಕಾಪಿ ಆದ ಮೇಲೆ ಬಿಚ್ಚಿ ಕವರಲ್ಲಿಟ್ಟಿದ್ದೀನಿ, ಫೈಲ್‌ಗಳ ಇನ್ನೊಂದು ಕಾಪಿ ಅಕ್ಕನ ಲ್ಯಾಪ್‌ಟಾಪಲ್ಲಿದೆ.

ನಾನು ಕಲಿತಿದ್ದು ಇಷ್ಟು. ಹಳೇ ಪಿಸಿ ಅಪ್‌ಗ್ರೇಡ್ ಮಾಡೋದು ಅಂದ್ರೆ ಯಾವ ಒಪ್ಪಂದ ಇನ್ನೂ ಉಳಿದಿದೆ, ಯಾವುದು ಮುರಿದಿದೆ ಅಂತ ನೋಡೋದು. ಎಟಿಎಕ್ಸ್, ಸಾಟಾ, ಪಿಸಿಐ ಎಕ್ಸ್‌ಪ್ರೆಸ್ ಉಳಿದಿವೆ, ಅವುಗಳ ಜೊತೆ ಹೋಗೋ ಪಾರ್ಟನ್ನ ಧೈರ್ಯವಾಗಿ ಇಟ್ಕೊಳ್ಳಿ. ಸಾಕೆಟ್, ರ‍್ಯಾಮ್ ಮುರಿದಿವೆ, ಅಲ್ಲಿ ಹಳೇದಕ್ಕೆ ದುಡ್ಡು ಸುರೀಬೇಡಿ. ಕರೆಂಟ್ ಮತ್ತು ಡಿಸ್ಕ್ ಯಾವಾಗಲೂ ಮೊದಲು, ಯಾಕಂದ್ರೆ ಅವು ಹೋದ್ರೆ ಬೇರೆಯದನ್ನೂ ಕರ್ಕೊಂಡು ಹೋಗ್ತವೆ.

ಟ್ಯಾಲಿ ಹಾಕ್ದೆ. ಅದೂ ನಮ್ಮ ಬೆಂಗಳೂರಿಂದೇ, 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಶುರುವಾದ ಕಂಪನಿ. ಅಮ್ಮನಿಗೆ ತೋರಿಸ್ದೆ. "ಗೇಮ್ ಯಾವಾಗ ಹಾಕ್ತೀಯ?" ಅಂದ್ರು. ಗೊತ್ತಿತ್ತು ಅವರಿಗೆ.

ಅಪ್ಪ ಕೇಳಿದ್ದು ಬೇರೆ. "ನನ್ನ ಫೈಲು ಬರುತ್ತಾ?" ಅಂದ್ರು. 2014ರ ಒಂದು ಲಗ್ನಪತ್ರಿಕೆ ಓಪನ್ ಮಾಡ್ದೆ. ನುಡಿ ಅಕ್ಷರ ಒಂದೂ ಕೆಟ್ಟಿರ್ಲಿಲ್ಲ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ರು. ಹನ್ನೆರಡು ವರ್ಷ ಆದ ಮೇಲೆ ಒಂದು ಕಾಗುಣಿತ ತಪ್ಪು ಸಿಕ್ತು. ತಿದ್ದಿ, ಸೇವ್ ಮಾಡಿ ಎದ್ರು.

ಲೆಡ್ಜರಲ್ಲಿ 11 ರೂಪಾಯಿ. ಆ ಕಾಲಮ್ಮಲ್ಲಿ ಇದಕ್ಕೆಲ್ಲಾ ಜಾಗ ಇಲ್ಲ.

ನಿಮ್ಮನೆ ಡಬ್ಬಿ ಯಾವ ವರ್ಷದ್ದು? ಸಾಕೆಟ್ ನಂಬರ್ ಕಾಮೆಂಟಲ್ಲಿ ಹಾಕಿ, ಏನು ಉಳಿಸ್ಬಹುದು ಅಂತ ಒಟ್ಟಿಗೆ ನೋಡೋಣ. ಅದಕ್ಕೂ ಮುಂಚೆ ಬ್ಯಾಕಪ್ ತಗೊಳ್ಳಿ. ಇವತ್ತೇ.

#ಹಳೇಡಬ್ಬಿ #ಹೊಳೆನರಸೀಪುರ #ಹಾಸನ #ಬಿಕಾಂಬದುಕು #ಕನ್ನಡಗೇಮರ್