ಜನ್ಮಜಾತ ಹೃದ್ರೋಗ
ಹುಟ್ಟುವಾಗಲೇ ಹೃದಯದ ರಚನೆಯಲ್ಲಿ ಇರುವ ದೋಷ. 1,000 ಶಿಶುಗಳಲ್ಲಿ ಸುಮಾರು 8–9 ಶಿಶುಗಳಿಗೆ ಇರುತ್ತದೆ. ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿರುವುದೇ ಹೆಚ್ಚು. ಸಣ್ಣ ರಂಧ್ರಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಅನೇಕ ಬಾರಿ ಮೊದಲ ಸುಳಿವು ಸಿಗುವುದು ತಾಯಿಗೇ. ಮಗು ನಾಲ್ಕು ಗುಟುಕು ಹಾಲು ಕುಡಿದು ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ. ಕೆಲವು ದೋಷಗಳಲ್ಲಿ ಅತ್ತಾಗ ತುಟಿ, ಉಗುರು ನೀಲಿಗಟ್ಟುತ್ತವೆ. ಇದನ್ನು ದೃಷ್ಟಿ ತಗುಲಿದ್ದೆಂದು ಬಿಡಬಾರದು. ಹೆರಿಗೆಯಾದ ಮರುದಿನ ಬಲಗೈಗೂ ಪಾದಕ್ಕೂ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕಟ್ಟಿ ನೋಡುವುದು ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ. ದೋಷವನ್ನು ಖಚಿತಪಡಿಸುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ. ಗರ್ಭಿಣಿಯ 18–24ನೇ ವಾರದ ಸ್ಕ್ಯಾನಿಂಗ್‌ನಲ್ಲೂ ಅನೇಕ ದೋಷಗಳು ಕಾಣುತ್ತವೆ.

ಕೆಲವು ರಂಧ್ರಗಳನ್ನು ತೊಡೆಯ ರಕ್ತನಾಳದ ಮೂಲಕ ಸಾಧನ ತೂರಿಸಿ ಮುಚ್ಚುತ್ತಾರೆ. ಇನ್ನು ಕೆಲವು ದೋಷಗಳಿಗೆ ಶಸ್ತ್ರಚಿಕಿತ್ಸೆ ಬೇಕು.

ಮಗುವನ್ನು ವೈದ್ಯರಿಗೆ ತೋರಿಸಲು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಸಮೀಪ ದೇವರಕಗ್ಗಲಹಳ್ಳಿಯಲ್ಲಿ ದಯಾನಂದ ಸಾಗರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಸರ್ಕಾರಿ ಜಯದೇವ ಹೃದ್ರೋಗ ಸಂಸ್ಥೆಯೂ 2001ರಲ್ಲಿ ಆರಂಭವಾದ, ಉಚಿತ ಚಿಕಿತ್ಸೆಯ ವೈಟ್‌ಫೀಲ್ಡ್‌ನ ಸತ್ಯಸಾಯಿ ಆಸ್ಪತ್ರೆಯೂ ಇವೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡಿರುವ ಕಾರ್ಮಿಕರ ಮಕ್ಕಳಿಗೂ ವೈದ್ಯಕೀಯ ಸೌಲಭ್ಯ ಉಂಟು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಶಾಲೆಗಳಿಗೇ ಬಂದು ಈ ದೋಷಕ್ಕಾಗಿಯೂ ಮಕ್ಕಳ ತಪಾಸಣೆ ಮಾಡುತ್ತವೆ. ಆ ದಿನ ಮಗುವನ್ನು ತಪ್ಪದೇ ಕಳುಹಿಸಿ.